ಟೈಪ್ ಚೆಕರ್ ಬರೆಯುವವರಿಗೆ: ಎರರ್ ಹೇಳುವುದು ಹೇಗೆ?

ಶನಿವಾರ ಮಧ್ಯಾಹ್ನ ನಾನು ಹೈಸ್ಕೂಲು ಮಕ್ಕಳಿಗೆ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಅದಕ್ಕಂತಲೇ ಕನ್ನಡ ಪದಗಳಲ್ಲೇ ಬರೆಯುವ ಒಂದು ಪುಟ್ಟ ಭಾಷೆ ಮಾಡಿಕೊಂಡಿದ್ದೇನೆ. ವೇರಿಯಬಲ್ ಮಾಡಲು ‘ಇಡು’, ಫಂಕ್ಷನ್‌ಗೆ ‘ಕೆಲಸ’, ಉತ್ತರ ವಾಪಸ್ ಕಳಿಸಲು ‘ಕೊಡು’. ಟೈಪ್‌ಗಳು ನಾಲ್ಕೇ: ಸಂಖ್ಯೆ, ಪಠ್ಯ, ಪಟ್ಟಿ, ಹೌದಿಲ್ಲ.

ಒಂದು ದಿನ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ದಿನಸಿ ಅಂಗಡಿಯ ಬಿಲ್ ಮಾಡುವ ಪ್ರೋಗ್ರಾಂ ಬರೆದಳು. ಮೊದಲ ಸಾಲಿನಲ್ಲಿ ‘ಬೆಲೆ’ ಅಂತ ಬರೆಯುವಾಗ ಶಿಫ್ಟ್ ಕೀ ಒತ್ತಿಹೋಗಿ ‘ಬೆಳೆ’ ಆಯಿತು. ಅಷ್ಟೇ ತಪ್ಪು. ಓಡಿಸಿದರೆ ಪರದೆ ತುಂಬ 23 ಎರರ್. ಅವಳು ಕೀಬೋರ್ಡಿನಿಂದ ಕೈ ತೆಗೆದು, “ಸರ್, ನಾನು ಇಷ್ಟೊಂದು ತಪ್ಪು ಮಾಡಿದ್ದೀನಾ?” ಅಂತ ಕೇಳಿದಳು.

ಅವಳದು ಒಂದೇ ತಪ್ಪು. ಉಳಿದ 22 ನನ್ನ ಟೈಪ್ ಚೆಕರ್‌ನವು, ಅಂದರೆ ಪ್ರೋಗ್ರಾಂ ಓಡುವ ಮೊದಲೇ ಟೈಪ್‌ಗಳು ಒಂದಕ್ಕೊಂದು ಹೊಂದುತ್ತವಾ ಅಂತ ನೋಡುವ ಭಾಗದವು. ಆ ವಾರವೇ ಎರರ್ ಹೇಳುವ ಭಾಗವನ್ನು ಬುಡದಿಂದ ಮತ್ತೆ ಬರೆಯಲು ಕೂತೆ. ಆಗ ಕಂಡುಕೊಂಡದ್ದನ್ನು ಮಾಡಬೇಕಾದ ಕ್ರಮದಲ್ಲೇ ಇಲ್ಲಿ ಹೇಳುತ್ತೇನೆ. ನೀವು ಕಲಿಯಲು ಒಂದು ಭಾಷೆ ಕಟ್ಟುತ್ತಿರಬಹುದು, ಆಫೀಸಿನಲ್ಲಿ ಒಂದು ಚಿಕ್ಕ ರೂಲ್ಸ್ ಭಾಷೆ ನೋಡಿಕೊಳ್ಳುತ್ತಿರಬಹುದು. ಎರಡಕ್ಕೂ ಇದು ಹೊಂದುತ್ತದೆ.

ಶುರು ಮಾಡುವ ಮೊದಲು ಒಂದು ಮಾತು. ಟೈಪ್ ಚೆಕರ್‌ಗೆ ನಿಜವಾಗಿ ಗೊತ್ತಿರುವುದು ಒಂದೇ ವಿಷಯ: ಎರಡು ಜಾಗದಲ್ಲಿ ಹೇಳಿದ ಮಾತು ಒಂದಕ್ಕೊಂದು ಕೂಡಿಬರುತ್ತಿಲ್ಲ. ಅದರಲ್ಲಿ ಯಾವುದು ತಪ್ಪು ಅನ್ನುವುದು ಅದಕ್ಕೆ ಗೊತ್ತಿಲ್ಲ, ಗೊತ್ತಾಗಲು ಸಾಧ್ಯವೂ ಇಲ್ಲ. ಅದು ಬರೆದವರಿಗೆ ಮಾತ್ರ ಗೊತ್ತು. ಹಾಗಾಗಿ ಎರಡೂ ಜಾಗ ತೋರಿಸಿ, ಯಾಕೆ ಕೂಡಿಬರಲಿಲ್ಲ ಅಂತ ಹೇಳಿ, ತೀರ್ಮಾನವನ್ನು ಅವರಿಗೇ ಬಿಡಬೇಕು. ಕೆಳಗಿನ ಎಲ್ಲಾ ಹೆಜ್ಜೆಗಳೂ ಈ ಒಂದು ಮಾತಿನಿಂದಲೇ ಹುಟ್ಟಿದವು.

ಮೊದಲು ಜಾಗದ ಗುರುತು

ಲೆಕ್ಸರ್ (ಬರಹವನ್ನು ಪದಗಳಾಗಿ ಕತ್ತರಿಸುವ ಭಾಗ) ಒಂದು ಪದವನ್ನು ಕತ್ತರಿಸಿದಾಗಲೇ ಅದು ಫೈಲಿನಲ್ಲಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಬರೆದಿಟ್ಟುಕೊಳ್ಳಿ. ಸಾಲಿನ ನಂಬರ್ ಬೇಡ, ಫೈಲಿನ ಆರಂಭದಿಂದ ಎಷ್ಟನೇ ಬೈಟ್ ಅನ್ನುವುದು ಸಾಕು. ಶುರು ಮತ್ತು ಕೊನೆ, ಎರಡೇ ಅಂಕಿ. ಸಾಲು, ಕಾಲಂ ಎಲ್ಲವನ್ನೂ ಪ್ರಿಂಟ್ ಮಾಡುವ ಹೊತ್ತಿಗೆ ಲೆಕ್ಕ ಹಾಕಿದರೆ ಆಯಿತು.

ಆ ಪದಗಳನ್ನು ಜೋಡಿಸಿ ಪಾರ್ಸರ್ ಕಟ್ಟುವ ಟ್ರೀಯ ಪ್ರತಿಯೊಂದು ನೋಡ್‌ಗೂ (ಕವಲಿಗೂ) ಈ ಗುರುತು ಇರಲಿ. ‘ಒಂದನ್ನೂ ಬಿಡಬೇಡಿ’ ಅಂತ ಒತ್ತಿ ಹೇಳುತ್ತೇನೆ. ಪ್ಯಾರಾಮೀಟರ್‌ನ ಹೆಸರಿಗೆ ಬೇರೆ ಗುರುತು, ಅದರ ಟೈಪ್‌ಗೆ ಬೇರೆ ಗುರುತು, ಎರಡೂ ಸೇರಿದ್ದಕ್ಕೆ ಇನ್ನೊಂದು. ಆಮೇಲೆ ಸೇರಿಸುತ್ತೇನೆ ಅಂತ ಬಿಟ್ಟರೆ ಮತ್ತೆ ಇಡೀ ಪಾರ್ಸರ್ ತಿರುವಿಹಾಕಬೇಕಾಗುತ್ತದೆ. ನಿಮ್ಮ ಭಾಷೆ ಒಂದು ರೂಪವನ್ನು ಒಳಗೊಳಗೇ ಇನ್ನೊಂದು ರೂಪಕ್ಕೆ ಬದಲಿಸುತ್ತದೆ ಅಂದುಕೊಳ್ಳಿ. ಆಗ ಹೊಸ ನೋಡ್‌ಗೆ ಹಳೆಯ ಬರಹದ ಗುರುತನ್ನೇ ಕೊಡಿ. ಬರೆದವರು ನೋಡಿದ್ದು ಅದನ್ನೇ ಅಲ್ವಾ?

ಕಂಡ ಕೂಡಲೇ ಪ್ರಿಂಟ್ ಮಾಡಬೇಡಿ

ಚೆಕರ್ ತಪ್ಪು ಕಂಡಲ್ಲೇ ಪ್ರಿಂಟ್ ಮಾಡುವುದು, ಇಲ್ಲವೇ ಎಕ್ಸೆಪ್ಶನ್ ಎಸೆದು ನಿಂತುಬಿಡುವುದು, ಎರಡೂ ಸುಲಭ. ಎರಡೂ ಬೇಡ. ಎರರ್ ಅನ್ನುವುದನ್ನು ಒಂದು ರೆಕಾರ್ಡ್ ಮಾಡಿ: ಒಂದು ಕೋಡ್ ನಂಬರ್, ಮುಖ್ಯ ಜಾಗ, ಮುಖ್ಯ ಮಾತು, ಸಂಬಂಧಪಟ್ಟ ಬೇರೆ ಜಾಗಗಳು ಮತ್ತು ಪ್ರತಿಯೊಂದಕ್ಕೂ ಒಂದು ಸಾಲು, ಕೊನೆಗೆ ಸಲಹೆ ಇದ್ದರೆ ಸಲಹೆ. ಚೆಕರ್ ಇದನ್ನು ಒಂದು ಪಟ್ಟಿಗೆ ಸೇರಿಸಿ ಮುಂದೆ ಹೋಗುತ್ತದೆ. ಎಲ್ಲ ಮುಗಿದ ಮೇಲೆ ಬೇರೊಂದು ಭಾಗ ಆ ಪಟ್ಟಿಯನ್ನು ಫೈಲಿನ ಕ್ರಮದಲ್ಲಿ ಜೋಡಿಸಿ ತೋರಿಸುತ್ತದೆ. ಟರ್ಮಿನಲ್‌ಗೆ ಬಣ್ಣದಲ್ಲಿ, ಎಡಿಟರ್‌ಗೆ ಜೇಸನ್‌ನಲ್ಲಿ (ಪ್ರೋಗ್ರಾಂಗಳು ಓದುವ ಡೇಟಾ ರೂಪ).

ಕೋಡ್ ನಂಬರ್ ಯಾಕೆ ಅಂದರೆ, ಮೆಸೇಜ್‌ನ ಮಾತನ್ನು ನೀವು ಹತ್ತು ಸಲ ತಿದ್ದುತ್ತೀರಿ, ನಂಬರ್ ಬದಲಾಗುವುದಿಲ್ಲ. ರಸ್ಟ್ ಭಾಷೆಯಲ್ಲಿ ಟೈಪ್ ಹೊಂದದಿದ್ದರೆ ಇ0308, ಟೈಪ್‌ಸ್ಕ್ರಿಪ್ಟ್‌ನಲ್ಲಿ 2322. ಸಿಕ್ಕಿಹಾಕಿಕೊಂಡವರು ಆ ನಂಬರ್ ಹಿಡಿದೇ ಹುಡುಕಿ ಉತ್ತರ ಕಂಡುಕೊಳ್ಳುತ್ತಾರೆ.

ಏನು ಬೇಕಿತ್ತು, ಏನು ಸಿಕ್ಕಿತು, ಯಾಕೆ ಬೇಕಿತ್ತು

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಒಂದು ಉದಾಹರಣೆ ನೋಡಿ:

1 | ಕೆಲಸ ಒಟ್ಟು(ದರ: ಸಂಖ್ಯೆ, ಕೆಜಿ: ಸಂಖ್ಯೆ): ಸಂಖ್ಯೆ
2 |     ಕೊಡು ದರ * ಕೆಜಿ
3 | ಮುಗೀತು
4 |
5 | ಇಡು ಅಕ್ಕಿ = "52"
6 | ಇಡು ಬಿಲ್ = ಒಟ್ಟು(ಅಕ್ಕಿ, 5)

ನನ್ನ ಹಳೆಯ ಚೆಕರ್ ಇದಕ್ಕೆ “6ನೇ ಸಾಲು: ಟೈಪ್ ತಪ್ಪಾಗಿದೆ” ಅನ್ನುತ್ತಿತ್ತು. ಅದು ಸುಳ್ಳಲ್ಲ. ಆದರೆ 6ನೇ ಸಾಲನ್ನು ಎಷ್ಟು ಹೊತ್ತು ನೋಡಿದರೂ ಅಲ್ಲಿ ತಪ್ಪೇನೂ ಕಾಣುವುದಿಲ್ಲ. ತಪ್ಪು ಕಂಡದ್ದು 6ರಲ್ಲಿ, ಆದದ್ದು 5ರಲ್ಲಿ, ಅದನ್ನು ತಪ್ಪು ಅನ್ನಿಸಿದ್ದು 1ನೇ ಸಾಲು. ಈಗ ಅದು ಹೀಗೆ ಹೇಳುತ್ತದೆ:

6 | ಇಡು ಬಿಲ್ = ಒಟ್ಟು(«ಅಕ್ಕಿ», 5)
    ಇಲ್ಲಿ ಸಂಖ್ಯೆ ಬೇಕಿತ್ತು, ಪಠ್ಯ ಸಿಕ್ಕಿದೆ.
1 | ಕೆಲಸ ಒಟ್ಟು(«ದರ: ಸಂಖ್ಯೆ», ಕೆಜಿ: ಸಂಖ್ಯೆ): ಸಂಖ್ಯೆ
    ಸಂಖ್ಯೆ ಬೇಕು ಅಂತ ಹೇಳಿರುವುದು ಇಲ್ಲಿ.
5 | ಇಡು ಅಕ್ಕಿ = «"52"»
    ‘ಅಕ್ಕಿ’ ಎಂಬ ಹೆಸರಿಗೆ ಪಠ್ಯ ಬಂದದ್ದು ಇಲ್ಲಿ.

ಇದನ್ನು ಸಾಧಿಸಲು ಚೆಕರ್‌ನಲ್ಲಿ ಎರಡು ಫಂಕ್ಷನ್ ಇರಬೇಕು. ಒಂದು ‘ಇದರ ಟೈಪ್ ಏನು?’ ಅಂತ ಕೇಳುವುದು. ಇನ್ನೊಂದು ‘ಇದು ಇಂಥ ಟೈಪ್ ಆಗಿರಬೇಕು, ನೋಡು’ ಅಂತ ಒಳಗೆ ಕಳಿಸುವುದು. ಬೈಡೈರೆಕ್ಷನಲ್ ಚೆಕಿಂಗ್ ಅನ್ನುವುದು ಇದಕ್ಕೇ. ಬೆಂಜಮಿನ್ ಪಿಯರ್ಸ್ ಮತ್ತು ಡೇವಿಡ್ ಟರ್ನರ್ 1998ರಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಬರೆದರು, ಆಮೇಲೆ ಬಂದ ಎಷ್ಟೋ ಭಾಷೆಗಳು ಈ ದಾರಿ ಹಿಡಿದವು. ನಾವು ಸೇರಿಸಬೇಕಾದದ್ದು ಒಂದೇ. ‘ಇಂಥ ಟೈಪ್ ಆಗಿರಬೇಕು’ ಅಂತ ಕಳಿಸುವಾಗ ಬರೀ ಟೈಪ್ ಕಳಿಸಬೇಡಿ, ಕಾರಣವನ್ನೂ ಜೊತೆಗೆ ಕಳಿಸಿ. ಒಂದನೇ ಆರ್ಗ್ಯುಮೆಂಟ್ ಅಂತಲೋ, ‘ಕೊಡು’ ಸಾಲು ಅಂತಲೋ, ಗುಣಾಕಾರದ ಎಡಗಡೆ ಅಂತಲೋ, ಆ ಬೇಡಿಕೆ ಹುಟ್ಟಿದ ಜಾಗದ ಗುರುತಿನ ಸಮೇತ. ವೇರಿಯಬಲ್‌ನ ಟೈಪ್ ನೆನಪಿಡುವ ಟೇಬಲ್‌ನಲ್ಲೂ ಹಾಗೇ: ‘ಅಕ್ಕಿ, ಪಠ್ಯ’ ಅಂತ ಮಾತ್ರ ಇಡಬೇಡಿ, ‘ಪಠ್ಯ ಅಂತ ಗೊತ್ತಾದದ್ದು 5ನೇ ಸಾಲಿನ ಈ ಜಾಗದಲ್ಲಿ’ ಅಂತಲೂ ಇಡಿ.

ಒಂದು ಎಚ್ಚರಿಕೆ. ಸಂಬಂಧಪಟ್ಟ ಜಾಗಗಳನ್ನು ಎರಡು, ಹೆಚ್ಚೆಂದರೆ ಮೂರಕ್ಕೆ ನಿಲ್ಲಿಸಿ. ಅದಕ್ಕಿಂತ ಜಾಸ್ತಿ ಆದರೆ ಮಕ್ಕಳು ಓದುವುದೇ ಇಲ್ಲ, ನಾನು ಕೂತು ನೋಡಿದ್ದೇನೆ. ಮುಖ್ಯ ಜಾಗ ಯಾವುದು, ಪಕ್ಕದ ಜಾಗ ಯಾವುದು ಅನ್ನುವುದೂ ಕಣ್ಣಿಗೆ ಬೇರೆಯಾಗಿ ಕಾಣಬೇಕು. ರಸ್ಟ್ 2016ರಲ್ಲಿ ಎಲ್ಮ್ ಭಾಷೆಯಿಂದ ಸ್ಫೂರ್ತಿ ಪಡೆದು ತನ್ನ ಎರರ್‌ಗಳ ರೂಪವನ್ನೇ ಬದಲಿಸಿದಾಗ ಮಾಡಿದ್ದು ಇದನ್ನೇ. ಮುಖ್ಯ ಜಾಗದ ಕೆಳಗೆ ಒಂದು ಬಗೆಯ ಗುರುತು, ಕಾರಣದ ಜಾಗದ ಕೆಳಗೆ ಇನ್ನೊಂದು ಬಗೆಯದು, ಪ್ರತಿಯೊಂದರ ಪಕ್ಕದಲ್ಲೇ ಅದರ ಮಾತು.

ಒಂದು ತಪ್ಪಿಗೆ ಒಂದೇ ಎರರ್

ಈಗ ಆ 23ರ ವಿಷಯ. ‘ಬೆಲೆ’ ಅನ್ನುವ ಹೆಸರು ಅವಳ ಪ್ರೋಗ್ರಾಂನಲ್ಲಿ 9 ಕಡೆ ಬಂದಿತ್ತು. 9 ಸಲ ‘ಈ ಹೆಸರು ಗೊತ್ತಿಲ್ಲ’. ಉಳಿದ 14 ಎರರ್ ಆ ಗೊತ್ತಿಲ್ಲದ್ದರ ಬೆನ್ನಿಗೆ ಹುಟ್ಟಿದವು: ಗೊತ್ತಿಲ್ಲದ್ದನ್ನು ಗುಣಿಸಲು ಆಗಲ್ಲ, ಗುಣಿಸಿದ್ದನ್ನು ಕೂಡಿಸಲು ಆಗಲ್ಲ, ಕೂಡಿಸಿದ್ದನ್ನು ಫಂಕ್ಷನ್‌ಗೆ ಕೊಡಲು ಆಗಲ್ಲ.

ಇದಕ್ಕೆ ಮದ್ದು ಒಂದು ವಿಶೇಷ ಟೈಪ್. ನಾನು ಅದನ್ನು ‘ಕೆಟ್ಟದ್ದು’ ಅಂತ ಕರೆಯುತ್ತೇನೆ. ಭಾಷೆ ಬಳಸುವವರಿಗೆ ಅದು ಯಾವತ್ತೂ ಕಾಣುವುದಿಲ್ಲ. ಒಂದು ಎಕ್ಸ್‌ಪ್ರೆಶನ್‌ನಲ್ಲಿ ಎರರ್ ಸಿಕ್ಕಿತು, ಹೇಳಿಯಾಯಿತು, ಇನ್ನು ಅದರ ಟೈಪ್ ಕೆಟ್ಟದ್ದು. ಕೆಟ್ಟದ್ದು ಯಾವುದರ ಜೊತೆಗೂ ಹೊಂದಿಕೊಳ್ಳುತ್ತದೆ. ಸಂಖ್ಯೆ ಬೇಕಾದ ಕಡೆ ಕೆಟ್ಟದ್ದು ಬಂದರೆ ಸುಮ್ನೆ ಮುಂದೆ ಹೋಗಬೇಕು. ಕೆಟ್ಟದ್ದನ್ನು ಗುಣಿಸಿದರೆ ಬರುವುದೂ ಕೆಟ್ಟದ್ದೇ. ಗೋ ಭಾಷೆಯ ಟೈಪ್ ಚೆಕರ್‌ನಲ್ಲಿ ಇನ್‌ವ್ಯಾಲಿಡ್ ಅಂತ ಒಂದು ಟೈಪ್ ಇರುವುದು ಇದೇ ಕೆಲಸಕ್ಕೆ.

ಇದಕ್ಕೆ ಎರಡು ನಿಯಮ ಸೇರಿಸಿಕೊಳ್ಳಿ. ಗೊತ್ತಿಲ್ಲದ ಹೆಸರು ಸಿಕ್ಕಾಗ ಒಂದು ಸಲ ಎರರ್ ಹೇಳಿ, ಆ ಹೆಸರನ್ನೇ ಕೆಟ್ಟ ಟೈಪ್‌ನೊಂದಿಗೆ ಟೇಬಲ್‌ಗೆ ಸೇರಿಸಿಬಿಡಿ. ಉಳಿದ 8 ಕಡೆ ಅದು ಮಾತಾಡುವುದಿಲ್ಲ. ಇನ್ನೊಂದು: ಫಂಕ್ಷನ್‌ನ ಒಳಗೆ ಏನೇ ತಪ್ಪಿದ್ದರೂ, ಅದರ ತಲೆಸಾಲಿನಲ್ಲಿ ಸಂಖ್ಯೆ ಕೊಡುತ್ತೇನೆ ಅಂತ ಬರೆದಿದ್ದರೆ, ಹೊರಗಿನವರ ಪಾಲಿಗೆ ಅದು ಸಂಖ್ಯೆಯೇ. ಆಗ ಒಳಗಿನ ತಪ್ಪು ಒಳಗೇ ಉಳಿಯುತ್ತದೆ.

ಅಪಾಯವೂ ಇಲ್ಲೇ ಇದೆ. ಎರರ್ ಹೇಳುವುದನ್ನು ಮರೆತು ಕೆಟ್ಟದ್ದು ಅಂತ ಗುರುತು ಮಾತ್ರ ಹಾಕಿದರೆ, ತಪ್ಪಿರುವ ಪ್ರೋಗ್ರಾಂ ಸದ್ದಿಲ್ಲದೆ ಪಾಸಾಗಿಬಿಡುತ್ತದೆ. ಆದ್ದರಿಂದ ಕೆಟ್ಟ ಟೈಪ್ ಹುಟ್ಟಿಸುವ ದಾರಿ ಒಂದೇ ಇರಲಿ: ಎರರ್ ಪಟ್ಟಿಗೆ ಸೇರಿಸುವ ಫಂಕ್ಷನ್ನೇ ಅದನ್ನು ವಾಪಸ್ ಕೊಡಲಿ. ರಸ್ಟ್ ಕಂಪೈಲರ್‌ನ ಒಳಗೆ ಇದಕ್ಕೊಂದು ಸಾಕ್ಷಿಯನ್ನೇ ಇಟ್ಟಿದ್ದಾರೆ, ಎರರ್‌ಗ್ಯಾರಂಟೀಡ್ ಅಂತ ಅದರ ಹೆಸರು. ಎರರ್ ಹೇಳಿದ್ದಾಗಿದೆ ಅನ್ನುವ ಆ ಸಾಕ್ಷಿ ಕೈಯಲ್ಲಿದ್ದರೆ ಮಾತ್ರ ಎರರ್ ಟೈಪ್ ಮಾಡಬಹುದು. ನನಗೆ ತುಂಬಾ ಇಷ್ಟವಾದ ವ್ಯವಸ್ಥೆ ಇದು.

ಒಟ್ಟು ಎಷ್ಟು ಎರರ್ ತೋರಿಸಬೇಕು ಅನ್ನುವುದಕ್ಕೂ ಮಿತಿ ಇರಲಿ. ಗೋ ಕಂಪೈಲರ್ ಮಾಮೂಲಿಯಾಗಿ 10ಕ್ಕೆ ನಿಲ್ಲಿಸುತ್ತದೆ. ಮಕ್ಕಳಿಗಾಗಿ ನಾನು 3ಕ್ಕೆ ನಿಲ್ಲಿಸಿ, ‘ಇನ್ನೂ 4 ಇವೆ’ ಅಂತ ಕೆಳಗೆ ಹೇಳುತ್ತೇನೆ.

ಚೆಕರ್ ತಾನೇ ಟೈಪ್ ಊಹಿಸುವುದಾದರೆ

ಹಿಂಡ್ಲಿ–ಮಿಲ್ನರ್ ದಾರಿಯಲ್ಲಿ ಟೈಪ್‌ಗಳನ್ನು ಊಹಿಸುವ ಚೆಕರ್ ಬರೆದರೆ ಕಷ್ಟ ಸ್ವಲ್ಪ ಜಾಸ್ತಿ. ಅಲ್ಲಿ ಯೂನಿಫಿಕೇಶನ್ (ಎರಡು ಟೈಪ್‌ಗಳನ್ನು ಒಂದಕ್ಕೊಂದು ಹೊಂದಿಸುವ ಕೆಲಸ) ಯಾವ ಕ್ರಮದಲ್ಲಿ ನಡೆಯಿತೋ ಅದರ ಮೇಲೆ ಎರರ್ ಬರುವ ಜಾಗ ನಿಂತಿರುತ್ತದೆ. ["ಒಂದು", 2, 3, 4] ಅನ್ನುವ ಪಟ್ಟಿ ನೋಡಿ. ಎಡದಿಂದ ಬಲಕ್ಕೆ ಹೋಗುವ ಚೆಕರ್ 2ರ ಮೇಲೆ ಬೆರಳು ತೋರಿಸುತ್ತದೆ. ಮನುಷ್ಯರ ಕಣ್ಣಿಗೆ ಬೇರೆಯಾಗಿ ಕಾಣುವುದು ಮೊದಲನೆಯದು. ಹಾಗಾಗಿ ‘2 ತಪ್ಪು’ ಅನ್ನಬೇಡಿ. ‘ಪಟ್ಟಿಯ 1ನೇದು ಪಠ್ಯ, 2ನೇದು ಸಂಖ್ಯೆ. ಪಟ್ಟಿಯಲ್ಲಿ ಎಲ್ಲವೂ ಒಂದೇ ಟೈಪ್ ಇರಬೇಕು’ ಅನ್ನಿ. ಪ್ರತಿ ಟೈಪ್‌ಗೂ ಅದು ಯಾವ ಕಾರಣಕ್ಕೆ ಬಂತು ಅಂತ ಜೊತೆಗೆ ಬರೆದಿಟ್ಟುಕೊಳ್ಳುವ ಉಪಾಯವನ್ನು ಮಿಚೆಲ್ ವಾಂಡ್ 1986ರಲ್ಲೇ ಕೊಟ್ಟಿದ್ದಾರೆ. ಅದು ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಚೆಕರ್‌ನ ಒಳಗಿನ ‘ಟೈಪ್ 17’ ಅನ್ನುವಂಥ ತಾತ್ಕಾಲಿಕ ಹೆಸರು ಮಾತ್ರ ಯಾವ ಕಾರಣಕ್ಕೂ ಹೊರಗೆ ಬರಬಾರದು.

ಕನ್ನಡದ ಕೆಳಗೆ ಬಾಣ ಯಾಕೆ ನಿಲ್ಲುವುದಿಲ್ಲ

ಇಂಗ್ಲಿಷ್ ಕೋಡ್‌ಗೆ ತಪ್ಪಿನ ಕೆಳಗೆ ಬಾಣದ ಗುರುತು ಹಾಕುವುದು ರೂಢಿ. ಒಂದು ಅಕ್ಷರಕ್ಕೆ ಒಂದು ಕಾಲಂ, ಲೆಕ್ಕ ಸರಿಹೋಗುತ್ತದೆ. ಕನ್ನಡಕ್ಕೆ ಅದು ನಡೆಯುವುದಿಲ್ಲ. ‘ಅಂಗಡಿ’ ಪದವನ್ನೇ ತಗೊಳ್ಳಿ. ನಮ್ಮ ಕಣ್ಣಿಗೆ ಮೂರು ಅಕ್ಷರ: ಅಂ, ಗ, ಡಿ. ಯೂನಿಕೋಡ್‌ನಲ್ಲಿ ಐದು: ಅ, ಅನುಸ್ವಾರ, ಗ, ಡ, ಗುಡಿಸು. ಅವನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8ರಲ್ಲಿ ಪ್ರತಿಯೊಂದಕ್ಕೂ ಮೂರು ಬೈಟ್, ಒಟ್ಟು 15. ಬೈಟ್ ಎಣಿಸಿದರೆ ಬಾಣ ಬಲಕ್ಕೆ ಓಡಿಹೋಗುತ್ತದೆ. ಯೂನಿಕೋಡ್ ಎಣಿಸಿದರೂ ತಪ್ಪುತ್ತದೆ. ಅಕ್ಷರ ಎಣಿಸಿದರೂ ಪೂರ್ತಿ ಸರಿಹೋಗುವುದಿಲ್ಲ, ಯಾಕೆಂದರೆ ‘ಗ’ ಮತ್ತು ‘ಕ್ಷೌ’ ಪರದೆಯ ಮೇಲೆ ಒಂದೇ ಅಗಲ ಇರುವುದಿಲ್ಲ.

ಬಾಣವನ್ನೇ ಬಿಟ್ಟುಬಿಡಿ. ಟರ್ಮಿನಲ್ ಆದರೆ ತಪ್ಪಿರುವ ಪದವನ್ನೇ ಅಡಿಗೆರೆ ಮತ್ತು ಬಣ್ಣದಲ್ಲಿ ತೋರಿಸಿ. ಅಡಿಗೆರೆ ಎಳೆಯುವುದು ಟರ್ಮಿನಲ್‌ನ ಕೆಲಸ, ಅಗಲದ ಲೆಕ್ಕ ನಿಮಗೆ ಬೇಕಾಗಿಲ್ಲ. ಫೈಲಿಗೆ ಬರೆಯುವಾಗ ಬಣ್ಣ ಇರುವುದಿಲ್ಲ, ಆಗ ಮೇಲಿನ ಉದಾಹರಣೆಯಲ್ಲಿ ಇರುವಂತೆ «» ಒಳಗೆ ಇಡಿ.

ಎಡಿಟರ್‌ಗೆ ಕಳಿಸುವಾಗ ಬೇರೆ ಲೆಕ್ಕ. ಎಡಿಟರ್ ಮತ್ತು ಚೆಕರ್ ಮಾತಾಡಿಕೊಳ್ಳುವ ನಿಯಮವಾದ ಲ್ಯಾಂಗ್ವೇಜ್ ಸರ್ವರ್ ಪ್ರೊಟೊಕಾಲ್ ಬೇರೆ ಏನೂ ಹೇಳದಿದ್ದರೆ ಯುಟಿಎಫ್-16ರಲ್ಲಿ ಕಾಲಂ ಎಣಿಸುತ್ತದೆ. ಅಲ್ಲಿ ಕನ್ನಡದ ಪ್ರತಿ ಯೂನಿಕೋಡ್ ಗುರುತಿಗೂ 1, ಆದರೆ ಇಮೋಜಿಗೆ ಸಾಮಾನ್ಯವಾಗಿ 2 ಇಲ್ಲವೇ ಅದಕ್ಕಿಂತ ಜಾಸ್ತಿ. ಮಕ್ಕಳು ಪಠ್ಯದೊಳಗೆ ಇಮೋಜಿ ಹಾಕಿಯೇ ಹಾಕುತ್ತಾರೆ. ಅದನ್ನೂ ಟೆಸ್ಟ್ ಮಾಡಿ.

ಇನ್ನೂ ಒಂದು ಕಾಣದ ತೊಡಕಿದೆ. ‘ಮೊತ್ತ’ ಪದದ ಒಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಗುರುತಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಕೊಂಬು ಎರಡನ್ನು ಸೇರಿಸಿಯೂ ಬರೆಯಬಹುದು. ನೋಡಲು ಒಂದೇ ಥರ, ಬೈಟ್‌ಗಳು ಬೇರೆ. ಬೈಟ್ ಹೋಲಿಸುವ ಚೆಕರ್ “‘ಮೊತ್ತ’ ಎಂಬ ಹೆಸರು ಗೊತ್ತಿಲ್ಲ” ಅನ್ನುತ್ತದೆ. ಮೇಲಿನ ಸಾಲಿನಲ್ಲೇ ‘ಮೊತ್ತ’ ಕಣ್ಣಿಗೆ ಹೊಡೆಯುವ ಹಾಗೆ ಇರುತ್ತದೆ. ಎಂಥವರೂ ಸೋತುಹೋಗುತ್ತಾರೆ. ಹೆಸರು ಹುಡುಕುವ ಮೊದಲು ಅದನ್ನು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂಥ ಗುರುತುಗಳನ್ನು ಒಂದೇ ಗುರುತಾಗಿ ಸೇರಿಸುವ ಯೂನಿಕೋಡ್ ರೂಪಕ್ಕೆ ತನ್ನಿ. ಆದರೆ ಇಡೀ ಫೈಲನ್ನು ಹಾಗೆ ಬದಲಿಸಬೇಡಿ, ನಿಮ್ಮ ಜಾಗದ ಗುರುತುಗಳೆಲ್ಲ ಎಡಿಟರ್‌ನಲ್ಲಿರುವ ಫೈಲಿಗೆ ಹೊಂದದೆ ಹೋಗುತ್ತವೆ. ‘ಬಿಲ್’ ಥರ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರಿನ ಕೊನೆಗೆ ಜೀರೋ ವಿಡ್ತ್ ನಾನ್ ಜಾಯ್ನರ್ (ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಗುರುತು) ಅಂಟಿಕೊಂಡಿದ್ದರೂ ಇದೇ ಕಥೆ. ಹೆಸರಿನ ಕೊನೆಯಲ್ಲಿದ್ದರೆ ಅದನ್ನು ಲೆಕ್ಕಕ್ಕೆ ತಗೊಳ್ಳಬೇಡಿ.

ವಾಕ್ಯ ಕಟ್ಟುವಾಗ

ಕನ್ನಡದಲ್ಲಿ ಮೆಸೇಜ್ ಬರೆಯುವವರು ಮೊದಲು ಎಡವುವುದು ವಿಭಕ್ತಿಯಲ್ಲಿ. ಖಾಲಿ ಜಾಗಕ್ಕೆ ಹೆಸರು ತುಂಬಿ ಮುಂದೆ ‘ಗೆ’ ಅಂಟಿಸಿದರೆ ‘ಅಕ್ಕಿಗೆ’ ಸರಿ ಬರುತ್ತದೆ, ‘ಮೊತ್ತಗೆ’ ಆಗುತ್ತದೆ. ಮೊತ್ತಕ್ಕೆ ಅನ್ನಬೇಕಲ್ಲ. ಅದಕ್ಕಾಗಿ ವ್ಯಾಕರಣದ ಪ್ರೋಗ್ರಾಂ ಬರೆಯಲು ಹೋಗಬೇಡಿ. ಹೆಸರಿನ ಮುಂದೆ ನಮ್ಮದೇ ಒಂದು ಪದ ಇಟ್ಟು, ಪ್ರತ್ಯಯವನ್ನು ಅದಕ್ಕೆ ಹಚ್ಚಿ: ‘ಮೊತ್ತ’ ಎಂಬ ಹೆಸರಿಗೆ, ‘ಒಟ್ಟು’ ಎಂಬ ಕೆಲಸದಲ್ಲಿ. ಎಲ್ಲಾ ಹೆಸರಿಗೂ ಕೂಡಿಬರುತ್ತದೆ.

ಬೇಕಿತ್ತು, ಸಿಕ್ಕಿದೆ. ಈ ಎರಡು ಪದ ಹಿಡಿದರೆ ಅರ್ಧಕ್ಕರ್ಧ ಮೆಸೇಜ್ ಮುಗಿದಂತೆ. ‘ಅಮಾನ್ಯ’, ‘ಅಸಂಗತ’, ‘ನಿರೀಕ್ಷಿತ’ ಇವನ್ನೆಲ್ಲ ನಾನು ಒಂದೊಂದಾಗಿ ತೆಗೆದೆ. ಮಕ್ಕಳು ಆ ಪದಗಳನ್ನು ಗಟ್ಟಿಯಾಗಿ ಓದಿ, ಓದಿದ ಮೇಲೆ ನನ್ನ ಮುಖ ನೋಡುತ್ತಿದ್ದರು. ‘ನೀವು ತಪ್ಪು ಮಾಡಿದ್ದೀರಿ’ ಅಂತಲೂ ಬೇಡ. ‘ಇಲ್ಲಿ’ ಅಂತ ಶುರು ಮಾಡಿ, ಮಾತು ಕೋಡ್‌ನ ಬಗ್ಗೆ ಇರಲಿ.

ಸಲಹೆ ಕೊಡುವುದಾದರೆ ಖಾತ್ರಿ ಇದ್ದಾಗ ಮಾತ್ರ ಕೊಡಿ. ಗೊತ್ತಿಲ್ಲದ ಹೆಸರಿಗೆ ಹತ್ತಿರದ ಹೆಸರು ಹುಡುಕಲು ಲೆವೆನ್‌ಶ್ಟೈನ್ ದೂರ ಸಾಕು: ಒಂದು ಪದವನ್ನು ಇನ್ನೊಂದು ಮಾಡಲು ಎಷ್ಟು ಗುರುತು ಬದಲಿಸಬೇಕು, ಸೇರಿಸಬೇಕು, ತೆಗೆಯಬೇಕು ಅನ್ನುವ ಲೆಕ್ಕ. ಕನ್ನಡಕ್ಕೆ ಅದನ್ನು ಸ್ವಲ್ಪ ಹದ ಮಾಡಿಕೊಳ್ಳಿ. ಲ–ಳ, ನ–ಣ, ಶ–ಷ–ಸ, ದ–ಧ, ಹ್ರಸ್ವ–ದೀರ್ಘ, ಇಂಥ ಬದಲಾವಣೆಗೆ ಅರ್ಧ ಅಂಕ ಹಾಕಿ. ಇವು ಶಿಫ್ಟ್ ಕೀಯಿಂದಲೂ ಆಗುತ್ತವೆ, ಮಾತಾಡುವ ರೂಢಿಯಿಂದಲೂ ಆಗುತ್ತವೆ. ಸಂಖ್ಯೆ ಬೇಕಾದ ಜಾಗದಲ್ಲಿ ಸಂಖ್ಯೆ ಇರುವ ಹೆಸರಿಗೇ ಮೊದಲ ಆದ್ಯತೆ ಕೊಡಿ. ಅವಳ ಪ್ರೋಗ್ರಾಂನಲ್ಲಿ ‘ಬೆಲ್ಲ’ ಅಂತಲೂ ಒಂದು ಹೆಸರಿತ್ತು. ಈ ಲೆಕ್ಕದಲ್ಲಿ ‘ಬೆಲೆ’ ಎಂಬ ಹೆಸರಿನಿಂದ ‘ಬೆಳೆ’ ದೂರ ಅರ್ಧ, ‘ಬೆಲ್ಲ’ ದೂರ ಎರಡು. ಈಗ ಬರುವ ಎರರ್ ಇದು:

3 | ಇಡು ಮೊತ್ತ = «ಬೆಲೆ» * 2
    ‘ಬೆಲೆ’ ಎಂಬ ಹೆಸರನ್ನು ಎಲ್ಲೂ ಇಟ್ಟಿಲ್ಲ. ಇನ್ನೂ 8 ಕಡೆ ಇದೇ ಹೆಸರಿದೆ.
1 | ಇಡು «ಬೆಳೆ» = 52
    ಇಲ್ಲಿ ‘ಬೆಳೆ’ ಎಂಬ ಹೆಸರಿದೆ. ಎರಡೂ ಒಂದೇನಾ?

ಕೊನೆಯ ಪ್ರಶ್ನೆ ನೋಡಿ. ‘ಬೆಳೆ ಅಂತ ಬದಲಿಸಿ’ ಅಂತ ಹೇಳಿದ್ದರೆ ಅವಳು 9 ಕಡೆ ಸರಿ ಇದ್ದದ್ದನ್ನು ಕೆಡಿಸಬೇಕಾಗುತ್ತಿತ್ತು. ಪ್ರಶ್ನೆ ಕೇಳಿದರೆ ಅವಳೇ 1ನೇ ಸಾಲು ತಿದ್ದುತ್ತಾಳೆ.

ಟೆಸ್ಟ್

ಪ್ರತಿ ಎರರ್ ಕೋಡ್‌ಗೂ ಒಂದು ಪುಟ್ಟ ತಪ್ಪು ಪ್ರೋಗ್ರಾಂ, ಅದರ ಪಕ್ಕದಲ್ಲಿ ಅಕ್ಷರಕ್ಷರ ಬರಬೇಕಾದ ಮೆಸೇಜ್, ಎರಡನ್ನೂ ಫೈಲ್ ಮಾಡಿ ಇಟ್ಟುಕೊಳ್ಳಿ. ಚೆಕರ್ ಬದಲಿಸಿದಾಗಲೆಲ್ಲ ಹೋಲಿಸಿ. ಎಷ್ಟು ಎರರ್ ಬಂದವು ಅನ್ನುವುದನ್ನೂ ಹೋಲಿಸಿ, ಒಂದರ ಜಾಗದಲ್ಲಿ ಎರಡು ಬಂದರೆ ಟೆಸ್ಟ್ ಫೇಲಾಗಬೇಕು. ಮೆಸೇಜ್ ಸರಿ ಇದೆಯಾ ಅಂತ ತಿಳಿಯಲು ಮಾತ್ರ ಮನುಷ್ಯರೇ ಬೇಕು. ಭಾಷೆ ಗೊತ್ತಿಲ್ಲದ ಒಬ್ಬರಿಗೆ ಬರೀ ಮೆಸೇಜ್ ತೋರಿಸಿ, ಯಾವ ಸಾಲು ತಿದ್ದುತ್ತೀರಿ ಅಂತ ಕೇಳಿ.

ಎರರ್‌ಗಳು ಸ್ಟ್ಯಾಂಡರ್ಡ್ ಎರರ್‌ಗೆ (ಮಾಮೂಲಿ ಉತ್ತರ ಬರುವ ದಾರಿಯಲ್ಲ, ಎರರ್‌ಗೇ ಇರುವ ಬೇರೆ ದಾರಿ) ಹೋಗಲಿ, ಒಂದಾದರೂ ಇದ್ದರೆ ಎಕ್ಸಿಟ್ ಕೋಡ್ (ಮುಗಿದಾಗ ಚೆಕರ್ ಸಿಸ್ಟಂಗೆ ಕೊಡುವ ಅಂಕಿ) ಸೊನ್ನೆ ಆಗದಿರಲಿ.

ಇನ್ನು ನಿಮ್ಮ ಚೆಕರ್ ತಾನೇ ನಡುವೆ ಬಿದ್ದುಹೋದರೆ? ಅದಕ್ಕೂ ಒಂದು ಮೆಸೇಜ್ ಈಗಲೇ ಬರೆದಿಡಿ. ಬಿದ್ದಾಗ ಯಾವ ಸಾಲು ನೋಡುತ್ತಿತ್ತು ಅನ್ನುವುದನ್ನು ತೋರಿಸಿ. ನನ್ನದು ಹೀಗಿದೆ: “14ನೇ ಸಾಲು ನೋಡುವಾಗ ಟೈಪ್ ಚೆಕರ್ ನಿಂತುಹೋಯಿತು. ಇದು ಚೆಕರ್‌ನ ತಪ್ಪು, ನಿಮ್ಮ ಪ್ರೋಗ್ರಾಂನದಲ್ಲ. ಈ ಫೈಲನ್ನು ಹಾಗೇ ಇಟ್ಟು ಸರ್‌ಗೆ ತೋರಿಸಿ.”